ಐದನೆಯವಳು

ಸನ್ಮಾನದ ಸುದ್ದಿ ಹಿಡಿದು ಹೆಡ್‌ಮಾಸ್ಟರು ಬಂದಾಗ ನಾನು ಆರನೇ ಕ್ಲಾಸಿನ ಹುಡುಗಿಯೊಬ್ಬಳ ತಲೆಯಲ್ಲಿ ಹೇನು ಹುಡುಕುತ್ತಿದ್ದೆ. "ತಾಲ್ಲೂಕಿನ ಸಂಘದೋರು ನಿಮ್ಮ ಐದು ಜನಕ್ಕೂ ಸನ್ಮಾನ ಮಾಡ್ತಾರಂತೆ ಕಣ್ರೀ, ನಮ್ ಸ್ಕೂಲ್ ಅಂಗಳದಾಗೇ" ಎಂದರು. ಮುಖದಲ್ಲಿ ಸಂಭ್ರಮವೋ ಸಂಭ್ರಮ. ನಾನು ತಲೆ ಎತ್ತದೆ, "ನನ್ನ ಬಿಟ್ಟು ನಾಲ್ಕು ಜನಕ್ಕೆ ಮಾಡ್ಸಿ ಸರ್" ಎಂದೆ. ಅವರು ಅದನ್ನು ವಿನಯ ಎಂದುಕೊಂಡರು. ವಿನಯವೂ ಇಲ್ಲ, ಮಣ್ಣೂ ಇಲ್ಲ. ನನಗೆ ವಿನಯ ಇದೆಯೆಂದರೆ ನಮ್ಮ ಬೀದಿಯ ನಾಯಿಯೂ ನಗುತ್ತದೆ. ಬೇಡ ಎಂದದ್ದಕ್ಕೆ ಕಾರಣ ಬೇರೆ ಇತ್ತು. ಅದನ್ನು ಅವತ್ತು ಹೇಳಲು ಬಾಯಿ ಬರಲಿಲ್ಲ, ಈಗ ಬರೆಯುತ್ತಿದ್ದೇನೆ.

ಜಗಳೂರಿನಿಂದ ಬಿಳಿಚೋಡಿನ ಕಡೆ ಹೋಗುವ ಬಸ್ಸಿನ ದಾರಿಯಲ್ಲಿ ನಮ್ಮೂರು. ಮೆಕ್ಕೆಜೋಳ, ಶೇಂಗಾ, ಕುರಿ, ಇಷ್ಟೇ ಬದುಕು. ಬೆಳೆ ಮನೆಗೆ ಬಂದ ಮೇಲೆ ಊರಲ್ಲಿ ಕೂಲಿ ಇರುವುದಿಲ್ಲ. ಆಗ ಹಟ್ಟಿಯ ಹೆಂಗಸರು ಗುಂಪು ಕಟ್ಟಿಕೊಂಡು ಚನ್ನಗಿರಿ ಕಡೆ ಅಡಿಕೆ ಸುಲಿಯಲು ಹೊರಡುತ್ತಾರೆ. ಗಂಡಸರು ಕುರಿ ಹೊಡೆದುಕೊಂಡು ಹೊನ್ನಾಳಿಯ ಗದ್ದೆ ಬಯಲಿಗೆ ಹೋಗುತ್ತಾರೆ. ದಸರೆ ಕಳೆಯಿತೆಂದರೆ ಹಟ್ಟಿಯಲ್ಲಿ ಉಳಿಯುವವರು ಮುದುಕಿಯರು ಮತ್ತು ಶಾಲೆಗೆ ಹೋಗುವ ಮಕ್ಕಳು ಮಾತ್ರ.

ಒಂದು ವರ್ಷ ಹಟ್ಟಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಶಾಲೆ ಬಿಡತೊಡಗಿದರು. ಓದುವ ಆಸೆ ಇಲ್ಲ ಎಂದು ಮೇಷ್ಟರುಗಳು ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಓದುವ ಆಸೆ ಇಲ್ಲದ ಮಗು ಕಿಟಕಿ ಹೊರಗೆ ನಿಂತು ಪಾಠ ಕೇಳುತ್ತದೆಯೇ? ಅಂಥವಳೊಬ್ಬಳನ್ನು ಹಿಡಿದು ನಿಲ್ಲಿಸಿ ಕೇಳಿದೆ. "ಜಡೆ ಹಾಕೋರು ಯಾರೂ ಇಲ್ಲ ದೊಡ್ಡವ್ವ" ಎಂದಳು. ಎರಡು ಜಡೆ, ರಿಬ್ಬನ್ನು ಇಲ್ಲದವರನ್ನು ಪ್ರೇಯರ್ ಸಾಲಿನಿಂದ ಆಚೆ ನಿಲ್ಲಿಸುತ್ತಿದ್ದರಂತೆ. ಅವ್ವ ಚನ್ನಗಿರಿಯಲ್ಲಿ, ಅಜ್ಜಿಗೆ ಕಣ್ಣು ಕಾಣದು, ಕೈ ನಡುಗುತ್ತದೆ. ದಿನಾ ಎಲ್ಲರ ಮುಂದೆ ನಿಲ್ಲುವುದಕ್ಕಿಂತ ಮನೆಯಲ್ಲಿ ಇರುವುದೇ ವಾಸಿ ಎಂದು ಅವರೆಲ್ಲ ಬಿಟ್ಟಿದ್ದರು. ಇಷ್ಟಕ್ಕೆಲ್ಲ ಓದು ಬಿಡುತ್ತಾರೆಯೇ ಎಂದು ನೀವು ಕೇಳಬಹುದು. ಹದಿಮೂರು ವರ್ಷದ ಹುಡುಗಿಗೆ ಅದು 'ಇಷ್ಟು' ಅಲ್ಲ.

ನಾನು ರವಿಕೆ ಹೊಲಿಯುವವಳು. ಮೂಲೆಯಲ್ಲಿ ಬಿದ್ದಿದ್ದ ಬಟ್ಟೆಯ ಚೂರುಗಳನ್ನೆಲ್ಲ ಉದ್ದಕ್ಕೆ ಕತ್ತರಿಸಿ, ಅಂಚು ಮಡಿಸಿ ಹೊಲಿದು ರಿಬ್ಬನ್ನು ಮಾಡಿದೆ. ಮಾರನೇ ದಿನ ಬಾಚಣಿಗೆ, ಕೊಬ್ಬರಿ ಎಣ್ಣೆ ಹಿಡಿದುಕೊಂಡು ಶಾಲೆಯ ಬೇವಿನ ಕಟ್ಟೆಯ ಮೇಲೆ ಹೋಗಿ ಕೂತೆ. ಮೊದಲ ದಿನ ಮೂವರು ಬಂದರು. ವಾರದಲ್ಲಿ ನನ್ನ ಕೈ ಸಾಲದಾಯಿತು. ಪಕ್ಕದ ಇಡ್ಲಿ ಹೋಟೆಲಿನವಳು ನನ್ನ ಪಾಡು ನೋಡಿ, "ಸರ್ಕೊಳ್ಳಕ್ಕ ಅತ್ಲಾಗೆ, ನೀನು ಜಡೆ ಹಾಕ್ತಿಯೋ ಹಗ್ಗ ಹೊಸೀತಿಯೋ?" ಎಂದು ಬಂದು ಕೂತಳು. ಅವಳ ಹಿಂದೆ ಇನ್ನೂ ಮೂವರು ತಾಯಂದಿರು ಬಂದರು. ಹೀಗೆ ಐದು ಜನ ಆದೆವು. ಬೆಲ್ಲಿಗೆ ಮುಂಚೆ ಒಂದು ತಾಸು ನಮ್ಮ ಕೆಲಸ.

ಜಡೆ ಹಾಕುವುದೆಂದರೆ ಬರೀ ಕೂದಲು ಹೆಣೆಯುವುದಲ್ಲ ಎಂದು ಅಲ್ಲಿ ಕೂತ ಮೇಲೆ ಗೊತ್ತಾಯಿತು. ಮಗು ನಿಮ್ಮ ಮೊಣಕಾಲುಗಳ ನಡುವೆ ಬೆನ್ನು ಹಾಕಿ ಕೂರುತ್ತದೆ. ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಬಾಯಿ ಬಿಡುತ್ತದೆ. ರಾತ್ರಿ ಉಂಡಿಲ್ಲ ಎಂಬುದು, ಕಿವಿ ಸೋರುತ್ತಿದೆ ಎಂಬುದು, ಪಕ್ಕದ ಮನೆಯವನು ನೋಡುವ ನೋಟ ಸರಿಯಿಲ್ಲ ಎಂಬುದು, ಎಲ್ಲ ಅಲ್ಲೇ ಹೊರಬರುತ್ತಿತ್ತು. ಕೇಳಿಸಿಕೊಂಡದ್ದಕ್ಕೆ ನಮ್ಮ ಕೈಲಾದದ್ದನ್ನು ಮಾಡುತ್ತಿದ್ದೆವು. ಇಡ್ಲಿ ಹೋಟೆಲಿನವಳು ಉಳಿದ ಇಡ್ಲಿ ತರುತ್ತಿದ್ದಳು. ಉಳಿದದ್ದು ಎಂದು ಅವಳು ಹೇಳುತ್ತಿದ್ದಳೇ ಹೊರತು ಅವು ಬಿಸಿಯಾಗಿಯೇ ಇರುತ್ತಿದ್ದವು.

ನಾನು ಸನ್ಮಾನ ಬೇಡ ಎಂದದ್ದು ಒಬ್ಬ ಹುಡುಗಿಯ ಕಾರಣಕ್ಕೆ. ಅವಳು ಹತ್ತನೇ ಕ್ಲಾಸು. ದಪ್ಪ ಕೂದಲು, ಎರಡು ಜಡೆ ಹಾಕುವಷ್ಟರಲ್ಲಿ ನನ್ನ ಬೆರಳು ನೋಯುತ್ತಿದ್ದವು. ಅಪ್ಪ ಇಲ್ಲ. ಅವ್ವ, ಅವ್ವನ ಅವ್ವ, ಇವಳು, ಮೂವರು ಹಟ್ಟಿಯ ಒಂದೇ ಮನೆಯಲ್ಲಿದ್ದರು. ಅವ್ವನ ತಮ್ಮ, ಅಂದರೆ ಇವಳ ಸೋದರಮಾವ, ಕುರಿ ಕಾಯುವವನು. ವಯಸ್ಸು ಮೂವತ್ತು ದಾಟಿದ್ದರೂ ಅವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಅಜ್ಜಿಗೆ ಅದೊಂದೇ ಚಿಂತೆ, ಅವಳ ಕಣ್ಣು ಮೊಮ್ಮಗಳ ಮೇಲೇ ಇತ್ತು.

ಅವಳು ಹತ್ತಕ್ಕೆ ಬಂದ ಆ ವರ್ಷ ದಸರೆ ಮುಗಿದ ಮೇಲೆ ಹುಡುಗಿಯ ಅವ್ವ ಗಂಟು ಕಟ್ಟಿಕೊಂಡು ನನ್ನ ಮನೆಗೆ ಬಂದಳು. ಹೊರಗೆ ಚನ್ನಗಿರಿಗೆ ಹೋಗುವ ಟೆಂಪೋ ಹಾರ್ನ್ ಹೊಡೆಯುತ್ತಿತ್ತು. ಹೊಲಿಗೆ ಮಷೀನಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ನನ್ನ ಹದಿನಾಲ್ಕಕ್ಕೇ ಕೊಟ್ಟುಬಿಟ್ರು. ಈಕೆ ಇನ್ನೂ ದೊಡ್ಡಾಕಿ ಆಗಿಲ್ಲ. ಆದಾಗ ನಮ್ಮವ್ವಗೆ ಗೊತ್ತಾಗಬಾರದು. ಗೊತ್ತಾದ್ರೆ ನಮ್ ತಮ್ಮಂಗೆ ಕಟ್ಟಿಬಿಡ್ತಾಳೆ. ಪರೀಕ್ಷೆ ಆಗೋತನಕ ಹೆಂಗಾದ್ರೂ ಕಾಪಾಡು."

"ನಾನಿದೀನಿ, ಹೋಗು" ಎಂದೆ. ಎಷ್ಟು ಸುಲಭವಾಗಿ ಅಂದೆ! ನಾನಿದೀನಿ ಅಂತೆ. ಆ ಮಾತು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಅವಳು ಕಟ್ಟೆಯ ಮೇಲೆ ಕೂರಲು ಒಲ್ಲದೆ ನಿಂತೇ ಇದ್ದಳು. ಹಿಂದೆ ತಿರುಗಿಸಿ ನೋಡಿದವಳೇ ನನ್ನ ಸೆರಗು ಅವಳ ಸೊಂಟಕ್ಕೆ ಸುತ್ತಿ ಮನೆಗೆ ಕರೆದುಕೊಂಡು ಹೋದೆ. ಅವಳು ಅಳಲಿಲ್ಲ. "ಅಜ್ಜಿಗೆ ಹೇಳ್ತೀಯಾ?" ಎಂದಷ್ಟೇ ಕೇಳಿದಳು. ಹೇಳುವುದಿಲ್ಲ ಎಂದೆ. ಅಂದಿನಿಂದ ಅವಳಿಗೆ ಬೇಕಾದದ್ದೆಲ್ಲ ನನ್ನ ಮಷೀನಿನ ಡ್ರಾಯರಿನಲ್ಲಿ ಇರುತ್ತಿತ್ತು. ಆ ದಿನಗಳಲ್ಲಿ ಓದುವ ನೆಪದಲ್ಲಿ ನಮ್ಮ ಮನೆಯಲ್ಲೇ ಇರುತ್ತಿದ್ದಳು. ನಮ್ಮ ಐದು ಜನಕ್ಕೆ ಮಾತ್ರ ವಿಷಯ ಗೊತ್ತು. ಇಡ್ಲಿ ಹೋಟೆಲಿನವಳ ಬಾಯಲ್ಲಿ ಊರಿನ ಯಾವ ಸುದ್ದಿಯೂ ಒಂದು ಗಳಿಗೆ ನಿಲ್ಲುವುದಿಲ್ಲ, ಆದರೆ ಇದು ಮಾತ್ರ ನಿಂತಿತು. ಎರಡು ತಿಂಗಳು ಹೀಗೆ ಕಳೆಯಿತು. ಅಜ್ಜಿಗೆ ಕಣ್ಣು ಮಂಜು, ಅದೇ ನಮ್ಮ ಪುಣ್ಯವಾಗಿತ್ತು.

ಆಮೇಲೆ ಅವಳ ಗೆಳತಿಯೊಬ್ಬಳು ದೊಡ್ಡವಳಾದಳು. ಆ ಮನೆಯಲ್ಲಿ ಸಡಗರ. ಗೆಳತಿಯ ಸೋದರಮಾವ ಹಸಿರು ಸೊಪ್ಪು ತಂದು ಅವಳನ್ನು ಕೂರಿಸಲು ಗುಡ್ಲು ಹಾಕಿದ. ಅವಳಿಗೆ ಹಸಿರು ಸೀರೆ ಉಡಿಸಿ, ಹೂವಿನ ಜಡೆ ಹೆಣೆದು, ಐದು ಜನ ಮುತ್ತೈದೆಯರು ಆರತಿ ಎತ್ತಿದರು. ಇವಳೂ ಹೋಗಿ ಎಳ್ಳು ಬೆಲ್ಲ ಕುಟ್ಟಿ ಮಾಡಿದ ಚಿಗಳಿ ತಿಂದು ಬಂದಳು. ಮಾರನೇ ದಿನ ಜಡೆ ಹಾಕಿಸಿಕೊಳ್ಳುತ್ತಾ ಕೇಳಿದಳು.

"ದೊಡ್ಡವ್ವ, ನಂಗೆ ಯಾರೂ ಆರತಿ ಮಾಡಂಗಿಲ್ಲೇನು?"

"ಸುಮ್ನೆ ಕೂತ್ಕೋ" ಎಂದು ಗದರಿದೆ. ಬೆನ್ನು ಹಾಕಿ ಕೂತಿದ್ದಳಲ್ಲ, ಮುಖ ಕಾಣಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು. ಎರಡು ತಿಂಗಳಿಂದ ತಪ್ಪು ಮಾಡಿದವಳ ಹಾಗೆ ಎಲ್ಲವನ್ನೂ ಮುಚ್ಚಿಟ್ಟುಕೊಂಡು ಬಂದ ಮಗು. ಇವಳಿಗೂ ಆರತಿ ಮಾಡಲೇಬೇಕು ಎಂದುಕೊಂಡೆ.

ಸಂಕ್ರಾಂತಿಯ ಹೊತ್ತಿಗೆ ಮನೆ ಮನೆಯಲ್ಲೂ ಎಳ್ಳು ಬೆಲ್ಲ ಇರುತ್ತದೆ, ಯಾರಿಗೂ ಅನುಮಾನ ಬಾರದು ಎಂದು ನಾನೇ ದಿನ ಹುಡುಕಿದೆ. ನನ್ನ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ನಾವು ನಾವೇ. ಹಸಿರು ರವಿಕೆ ಹೊಲಿದೆ. ಹಸಿರು ಸೀರೆ ಇಡ್ಲಿ ಹೋಟೆಲಿನವಳದು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಮಲ್ಲಿಗೆಯ ಜಡೆ ಹಾಕಿದೆ. ಕನ್ನಡಿ ನೋಡಿಕೊಂಡು ಹಲ್ಲು ಕಾಣುವ ಹಾಗೆ ನಕ್ಕಳು. ಆ ಎರಡು ತಿಂಗಳಲ್ಲಿ ಅವಳು ಹಾಗೆ ನಕ್ಕದ್ದು ಅದೊಂದೇ ಸಲ.

ಆರತಿ ತಟ್ಟೆ ಎತ್ತುವ ಹೊತ್ತಿಗೆ ತಡೆ ಬಂತು. ತಡೆ ಹಾಕಿದವಳು ನಾನೇ.

ಆರತಿಗೆ ಐದು ಜನ ಮುತ್ತೈದೆಯರು ಬೇಕು. ನಾವು ಐದು ಜನ ಇದ್ದೆವು, ಆದರೆ ನನ್ನ ಗಂಡ ಹೋಗಿ ಆರು ವರ್ಷವಾಗಿತ್ತು. ನಾನು ಅದಕ್ಕೆಲ್ಲ ಸೊಪ್ಪು ಹಾಕಿದವಳಲ್ಲ. ಅವರು ಸತ್ತ ಹನ್ನೊಂದನೇ ದಿನ ನನ್ನ ಬಳೆ ಒಡೆಯಲು ಬಂದ ಮುದುಕಿಗೆ ಬಾಗಿಲು ತೋರಿಸಿದ್ದೆ. ಹಣೆಗೆ ಸ್ಟಿಕ್ಕರು ಇಟ್ಟುಕೊಂಡೇ ಓಡಾಡುತ್ತೇನೆ. ನನ್ನ ಅಣ್ಣನ ಮಗಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ನನ್ನನ್ನು ಹಿಂದೆ ಕೂರಿಸಿದರೆಂದು ಚಪ್ಪರದಲ್ಲೇ ಜಗಳ ಮಾಡಿ, ಊಟ ಮಾಡದೆ ಎದ್ದು ಬಂದವಳು ನಾನು. ಅಂಥವಳು ಅವತ್ತು ಆರತಿ ತಟ್ಟೆಯ ಮುಂದೆ ನಿಂತು ಹಿಂದೆ ಸರಿದೆ.

"ನೀನೇ ನಿಲ್ಲಕ್ಕ, ಯಾವನು ನೋಡ್ತಾನೆ ಇಲ್ಲಿ?" ಎಂದಳು ಇಡ್ಲಿ ಹೋಟೆಲಿನವಳು.

"ಬ್ಯಾಡ."

"ಐದು ಜನ ಅಂದ್ರೆ ಐದು ಜನ. ತಲೆ ಎಣಿಸಿದ್ರೆ ಸಾಕು. ಬಾ."

"ಬ್ಯಾಡ ಅಂದ್ನಲ್ಲ. ನಾಳೆ ಈ ಮಗೀಗೆ ಏನಾದ್ರೂ ಆದ್ರೆ? ನನ್ ಕೈಯಿಂದ ಆಯ್ತು ಅಂತ ನಾನು ಹೆಂಗೆ ಬದುಕ್ಲಿ?"

ನನ್ನ ವಿಷಯಕ್ಕೆ ಬಂದಾಗ ಇಲ್ಲದ ಹೆದರಿಕೆ ಅವಳ ವಿಷಯಕ್ಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ಮೇಲೆ ಬಂದ ಮಾತನ್ನೆಲ್ಲ ನಾನು ಎದುರಿಸಿದ್ದೆ. ಆದರೆ ಗಂಡ ಸತ್ತವಳ ಕೈ ಕೇಡು ಎಂಬ ಆ ಮಾತು ಒಳಗೆ ಎಲ್ಲೋ ಕೂತೇ ಇತ್ತು. ಅಪ್ಪನಿಲ್ಲದ ಮಗು, ಅವಳಿಗಾದರೂ ಎಲ್ಲ ಕ್ರಮವಾಗಿ ಆಗಲಿ, ಒಂದು ಕೊರತೆಯೂ ಬೇಡ ಎಂದುಕೊಂಡೆ. ಹುಡುಗಿ ಮಣೆಯ ಮೇಲೆ ಕೂತು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು.

ಹಿಂದಿನ ಬಾಗಿಲಿಂದ ಹೋಗಿ ಹಿಟ್ಟಿನ ಗಿರಣಿಯವಳನ್ನು ನಾನೇ ಕರೆದುಕೊಂಡು ಬಂದೆ. ಒಳ್ಳೆಯ ಹೆಂಗಸು, ಮಕ್ಕಳಿರುವವಳು, ಮುತ್ತೈದೆ. ದಾರಿಯಲ್ಲಿ, "ಯಾರಿಗೂ ಹೇಳಬ್ಯಾಡ" ಎಂದೆ, ಯಾಕೆ ಎಂದು ಹೇಳಲಿಲ್ಲ. ಹೇಳಿದರೆ ಇನ್ನೊಂದು ಕಿವಿಗೆ ಬೀಳುತ್ತದಲ್ಲ ಎಂಬ ಜಾಣತನ ನನ್ನದು. ಅವಳು ಬಂದು ತುಂಬಾ ಚೆನ್ನಾಗಿ ಆರತಿ ಹಾಡು ಹೇಳಿದಳು, ಉಡಿ ತುಂಬಿದಳು, ಹುಡುಗಿಯ ಕೆನ್ನೆ ಸವರಿ ನೆಟಿಗೆ ತೆಗೆದಳು. ನಾನು ಅಡುಗೆ ಮನೆಯ ಬಾಗಿಲಿಗೆ ಒರಗಿ ನೋಡುತ್ತಾ ನಿಂತಿದ್ದೆ.

ನಾಲ್ಕನೇ ದಿನ ಅಜ್ಜಿ ಜೋಳ ಬೀಸಿಸಲು ಗಿರಣಿಗೆ ಹೋದಳು. ಗಿರಣಿಯವಳು ಕೇಡು ಬಯಸಿ ಹೇಳಿದವಳಲ್ಲ, ಮನೆಯವಳಾದ ಅಜ್ಜಿಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದಳು. "ಅಲ್ಲಬೇ, ಮಾವನ್ನ ಕರೀದೇನೆ, ಗುಡ್ಲು ಹಾಕ್ಸದೇನೆ ಹಂಗೇ ಆರತಿ ಮಾಡಿದ್ರಲ್ಲ, ಅವನಿಗೆ ಬ್ಯಾಸರ ಆಗಂಗಿಲ್ಲೇನು?" ಎಂದಳಂತೆ. ಮಾವನಿಗೆ ಸಲ್ಲಬೇಕಾದ ಮರ್ಯಾದೆ ತಪ್ಪಿತಲ್ಲ ಎಂಬುದು ಅವಳ ಸಂಕಟ. ಅಜ್ಜಿ ಹಿಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿ ಮಗನಿಗೆ ಫೋನು ಹಚ್ಚಿಸಿದಳು.

ಮರುದಿನ ಕಟ್ಟೆಗೆ ಹುಡುಗಿ ಬರಲಿಲ್ಲ. ಹಟ್ಟಿಗೆ ಓಡಿದೆ. ಬೀಗ. ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೋದಳೆಂದು ಪಕ್ಕದವರು ಹೇಳಿದರು. ಎಲ್ಲಿಗೆ ಎಂದರೆ ಯಾರಿಗೂ ಗೊತ್ತಿಲ್ಲ, ಅಥವಾ ಯಾರೂ ಹೇಳಲಿಲ್ಲ. ಮಕ್ಕಳ ಸಹಾಯವಾಣಿಗೆ ಫೋನು ಮಾಡಿದೆ. ಸಂಜೆ ಇಬ್ಬರು ಬಂದರು, ಬೀಗ ಹಾಕಿದ ಮನೆ ನೋಡಿದರು, ಬರೆದುಕೊಂಡರು, ನನ್ನ ಸಹಿ ಹಾಕಿಸಿಕೊಂಡರು. ಹೊನ್ನಾಳಿಯ ಬಯಲಲ್ಲಿ ಕುರಿ ಹಿಂಡು ಎಷ್ಟೋ. ಅವರು ಹುಡುಕಿಕೊಂಡು ಹೋಗುವಷ್ಟರಲ್ಲಿ ಮಾವನ ಹಿಂಡು ಅಲ್ಲಿಂದ ಎದ್ದಿತ್ತು. ನ್ಯಾಮತಿ ಕಡೆಯ ಯಾವುದೋ ಗುಡಿಯಲ್ಲಿ ನಾಲ್ಕು ಜನ ಸೇರಿ ತಾಳಿ ಕಟ್ಟಿಸಿದರು ಎಂದು ಆಮೇಲೆ ಸುದ್ದಿ ಬಂತು.

ಹುಡುಗಿಯ ಅವ್ವ ಶಿವರಾತ್ರಿಗೆ ಚನ್ನಗಿರಿಯಿಂದ ಬಂದಳು. ಸೀದಾ ಬೇವಿನ ಕಟ್ಟೆಗೇ ಬಂದಳು. ಅಡಿಕೆ ಸುಲಿದು ಸುಲಿದು ಬೆರಳೆಲ್ಲ ಕಪ್ಪಾಗಿ, ಉಗುರಿನ ಸಂದಿ ಒಡೆದಿತ್ತು. ನನ್ನ ಮುಂದೆ ಮಗುವೊಂದು ಅರ್ಧ ಜಡೆಯಲ್ಲಿ ಕೂತಿತ್ತು.

"ನಿನ್ ಕೈಗೆ ಕೊಟ್ಟು ಹೋಗಿದ್ನಲ್ಲಕ್ಕಾ" ಎಂದಳು. ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

ನಾನು ಏನು ಹೇಳಿದೆ ಗೊತ್ತೇ? "ಗಿರಣಿಯಾಕಿ ಬಾಯಿ ಬಿಟ್ಟಳು" ಎಂದೆ. ಅಷ್ಟೇ ಹೇಳಿದೆ. ಗಿರಣಿಯವಳನ್ನು ಯಾರು ಕರೆದರು, ಯಾಕೆ ಕರೆದರು ಎಂಬುದನ್ನು ನುಂಗಿದೆ. ಉಳಿದ ನಾಲ್ವರೂ ಅಲ್ಲೇ ಇದ್ದರು, ಅವರಿಗೆಲ್ಲ ಗೊತ್ತಿತ್ತು. ಇಡ್ಲಿ ಹೋಟೆಲಿನವಳು ತಲೆ ತಗ್ಗಿಸಿ ರಿಬ್ಬನ್ನು ಸುತ್ತುತ್ತಿದ್ದಳು. ಹುಡುಗಿಯ ಅವ್ವ ಗಿರಣಿಯ ಮುಂದೆ ಹೋಗಿ ಮಣ್ಣು ತೂರಿ ಶಾಪ ಹಾಕಿದಳು. ಹಟ್ಟಿಯವರು ಹಿಟ್ಟು ಬೀಸಿಸಲು ಪಕ್ಕದ ಊರಿಗೆ ಹೋಗತೊಡಗಿದರು. ಗಿರಣಿಯವಳು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ, ಒಂದು ಮಾತೂ ಆಡುವುದಿಲ್ಲ. ಆಡಲು ಅವಳಲ್ಲಿ ಬೇಕಾದಷ್ಟು ಇದೆ.

ಪರೀಕ್ಷೆಯ ಹಾಲ್ ಟಿಕೆಟ್ಟುಗಳು ಬಂದಾಗ ಹೆಡ್‌ಮಾಸ್ಟರು ಅವಳದನ್ನು ನನ್ನ ಕೈಗೆ ಕೊಟ್ಟರು. "ನಿಮ್ಮ ಹತ್ರ ಇರ್ಲಿ, ಬಂದ್ರೆ ಕೊಡ್ರಿ" ಎಂದರು. ಅದರಲ್ಲಿ ಅವಳ ಫೋಟೋ ಇದೆ. ಎರಡು ಜಡೆ, ನನ್ನ ರಿಬ್ಬನ್ನು, ಒಂದು ಕಡೆಯದು ಸ್ವಲ್ಪ ಸಡಿಲ. ಮೊದಲ ಪರೀಕ್ಷೆಯ ದಿನ ನಾನು ಶಾಲೆಯ ಗೇಟಿನ ಹತ್ತಿರ ಬಾಚಣಿಗೆ ಹಿಡಿದು ನಿಂತಿದ್ದೆ, ಹುಚ್ಚಿಯ ಹಾಗೆ. ಕೊನೆಯ ಬೆಲ್ಲು ಹೊಡೆದ ಮೇಲೆ ಮನೆಗೆ ಬಂದೆ. ಈಗಲೂ ಆ ಹಾಲ್ ಟಿಕೆಟ್ಟು ಮಷೀನಿನ ಡ್ರಾಯರಿನಲ್ಲಿದೆ.

ಇಷ್ಟಾದ ಮೇಲೆ, ಶ್ರಾವಣದಲ್ಲಿ ಈ ಸನ್ಮಾನ. ನನ್ನ 'ಬೇಡ' ಯಾರ ಕಿವಿಗೂ ಬೀಳಲಿಲ್ಲ. ಮಳೆಗಾಲಕ್ಕೆ ಕುರಿಗಳು ಊರಿಗೆ ಹಿಂತಿರುಗಿದ್ದವು. ಅವಳೂ ಬಂದಿದ್ದಾಳೆ ಎಂದು ಕೇಳಿದ್ದೆ. ಎರಡು ಸಲ ಹಟ್ಟಿಯ ತುದಿಯ ತನಕ ಹೋಗಿ ಹಿಂದಕ್ಕೆ ಬಂದೆ. ನಾಲಿಗೆ ಉದ್ದ ಎಂದು ಊರೆಲ್ಲ ಹೆಸರು ಮಾಡಿದವಳಿಗೆ ಅವಳ ಮುಂದೆ ಏನು ಹೇಳಬೇಕೆಂದು ತೋಚಲಿಲ್ಲ.

ಸನ್ಮಾನದ ದಿನ ಶಾಲೆಯ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಮೈಕಿನಲ್ಲಿ ಒಬ್ಬರು, 'ಊರಿನ ಹೆಣ್ಣುಮಕ್ಕಳನ್ನು ಕಾಪಾಡಿದ ಮಹಾತಾಯಂದಿರು' ಎಂದು ಕೂಗುತ್ತಿದ್ದರು. ಗೇಟಿನಲ್ಲಿ ನಮ್ಮನ್ನು ಬರಮಾಡಿಕೊಳ್ಳಲು ಐದು ಜನ ಮುತ್ತೈದೆಯರು ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಊರಿನ ಕಾರ್ಯಕ್ರಮಕ್ಕೆಲ್ಲ ಇದು ಇದ್ದೇ ಇರುತ್ತದೆ, ನಾನು ಮುಖ ನೋಡದೆ ಒಬ್ಬೊಬ್ಬರನ್ನೇ ದಾಟುತ್ತಿದ್ದೆ. ಅವರೂ ನನ್ನ ಮುಂದೆ ಆರತಿ ಎತ್ತಿದರೇ ಹೊರತು ಕುಂಕುಮಕ್ಕೆ ಕೈ ಹಾಕಲಿಲ್ಲ.

ಐದನೆಯವಳ ಕೈ ಸಣ್ಣದಿತ್ತು. ಮೊಣಕೈ ತನಕ ಹಸಿರು ಬಳೆ. ತಲೆ ಎತ್ತಿದೆ.

ಅವಳೇ. ಸೀರೆಯ ನೆರಿಗೆ ಜಾರದ ಹಾಗೆ ಪಿನ್ನು ಹಾಕಿದ್ದರು. ಆ ದಪ್ಪ ಕೂದಲನ್ನು ಯಾರೋ ಹೇಗೋ ಸುತ್ತಿ ತುರುಬು ಕಟ್ಟಿದ್ದರು. ಕೆನ್ನೆ ಒಳಗೆ ಹೋಗಿತ್ತು. ಶಾಲೆಯ ಒಳಗಿಂದ ಅವಳಿಗಿಂತ ಒಂದು ಕ್ಲಾಸು ಹಿಂದಿದ್ದ ಹುಡುಗಿಯರು ಹಾಡುತ್ತಿದ್ದ ಸ್ವಾಗತಗೀತೆ ಕೇಳಿಸುತ್ತಿತ್ತು.

"ಗಿರಣಿ ಅತ್ತಿ ಬರಂಗಿಲ್ಲ ಅಂದ್ರಂತೆ ದೊಡ್ಡವ್ವ" ಎಂದಳು ಮೆಲ್ಲಗೆ. "ಒಬ್ರು ಕಮ್ಮಿ ಬಿದ್ರು. ಅದಕ್ಕೆ ನನ್ನ ಕರ್ಕೊಂಡು ಬಂದ್ರು."

ಆರತಿ ಬೆಳಗಿದಳು. ಅಭ್ಯಾಸಕ್ಕೆ ಬೆರಳನ್ನು ಕುಂಕುಮದ ಬಟ್ಟಲಿಗೆ ಅದ್ದಿದವಳು ಹಾಗೇ ತಡೆದು ನಿಂತಳು. ನಾನು ಹಣೆಯ ಸ್ಟಿಕ್ಕರು ಕಿತ್ತು ಬಿಸಾಡಿ, ಬಗ್ಗಿ ಹಣೆಯನ್ನು ಅವಳ ಮುಂದಕ್ಕೆ ಒಡ್ಡಿದೆ. "ಅಯ್ಯೋ, ಅವ್ರಿಗಲ್ಲಬೇ" ಎಂದು ಪಕ್ಕದವರು ಅಂದದ್ದು ಕೇಳಿಸಿತು. ಅವಳು ಹಚ್ಚಿದಳು. ಸಿಟ್ಟು ಇರಲಿಲ್ಲ. ಜಡೆ ಹಾಕಿಸಿಕೊಳ್ಳುತ್ತಾ ಮಾತಾಡುತ್ತಿದ್ದಳಲ್ಲ, ಅದೇ ದನಿಯಲ್ಲಿ ಕೇಳಿದಳು.

"ಅವತ್ತು ನೀನೇ ನಿಂತಿದ್ರೆ ಸಾಕಾಗಿತ್ತಲ್ಲ ದೊಡ್ಡವ್ವ. ನಾನೇನು ಬ್ಯಾಡ ಅಂತಿದ್ನಾ?"